ಸಿಗ್ನಲ್ ಇಲ್ಲದ ಮನೆಗೆ ಪಾಠ ಮುಟ್ಟಿಸುವುದು
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕರಾವಳಿ, ಮಲೆನಾಡಿನಲ್ಲಿ ಮಳೆ ಜೋರಾಗಿ ಶಾಲೆಗೆ ರಜೆ ಘೋಷಣೆಯಾದಾಗಲೆಲ್ಲ ಮೇಷ್ಟ್ರುಗಳಿಗೆ 2020-21 ನೆನಪಾಗುತ್ತದೆ. ಈ ಸಲ ಬಂದ ಪ್ರಶ್ನೆಗಳೂ ಹೆಚ್ಚಾಗಿ ಕೊರೊನಾ ಕಾಲದ ದೂರಪಾಠದ ಸುತ್ತಲೇ ಇವೆ: ಆಗ ಏನು ಕೆಟ್ಟಿತು, ಯಾಕೆ ಕೆಟ್ಟಿತು, ಅಂಥ ಕಾಲ ಇನ್ನೊಮ್ಮೆ ಬಂದರೆ ಏನನ್ನು ಬೇರೆ ರೀತಿ ಮಾಡಬೇಕು. ಉತ್ತರ ಬರೆದವರು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುವವರು ಮತ್ತು ಶಿಕ್ಷಕರಿಗೆ ತರಬೇತಿ ಕೊಡುವವರು.

ಪ್ರಶ್ನೆ: ನಮ್ಮದು ಸುಳ್ಯ ತಾಲೂಕಿನ ಸರ್ಕಾರಿ ಪ್ರೌಢಶಾಲೆ. ಆಗ ಒಂಬತ್ತನೇ ತರಗತಿಯಲ್ಲಿ 42 ಮಕ್ಕಳಿದ್ದರು. ಸ್ಮಾರ್ಟ್‌ಫೋನ್ ಇದೆಯೇ ಎಂದು ಮೊದಲೇ ಕೇಳಿದಾಗ 30 ಮಂದಿ ಇದೆ ಎಂದರು. ಗೂಗಲ್ ಮೀಟ್ ಶುರು ಮಾಡಿದರೆ ಬಂದದ್ದು ಹತ್ತೋ ಹನ್ನೆರಡೋ ಜನ. ತಪ್ಪಿದ್ದೆಲ್ಲಿ? (ಒಬ್ಬ ಶಿಕ್ಷಕಿ)

ಉತ್ತರ: ಮಕ್ಕಳು ಸುಳ್ಳು ಹೇಳಲಿಲ್ಲ ಟೀಚರ್, ಪ್ರಶ್ನೆಯೇ ಸಾಲದಾಗಿತ್ತು. ಮನೆಯಲ್ಲಿ ಫೋನ್ ಇರುವುದು ಬೇರೆ, ಬೆಳಿಗ್ಗೆ ಹತ್ತು ಗಂಟೆಗೆ ಮಗುವಿನ ಕೈಯಲ್ಲಿ ಫೋನ್ ಇರುವುದು ಬೇರೆ. ಹತ್ತು ಗಂಟೆಗೆ ಆ ಫೋನ್ ಅಪ್ಪನ ಜೇಬಿನಲ್ಲಿ ತೋಟದಲ್ಲೋ ಆಟೋ ಸ್ಟ್ಯಾಂಡಿನಲ್ಲೋ ಇರುತ್ತದೆ.

ಕೇಳಬೇಕಾದವು ನಾಲ್ಕು. ಫೋನ್ ಯಾರದು, ಯಾವ ಹೊತ್ತಿಗೆ ಮನೆಯಲ್ಲಿರುತ್ತದೆ? ಅದೇ ಫೋನಿಗೆ ಕಾಯುವ ಮಕ್ಕಳು ಎಷ್ಟು? ರೀಚಾರ್ಜ್ ಯಾವ ತಾರೀಖಿಗೆ ಮುಗಿಯುತ್ತದೆ? ಸಿಗ್ನಲ್ ಮನೆಯೊಳಗೆ ಸಿಗುತ್ತದೋ, ಅಂಗಳಕ್ಕೆ ಬರಬೇಕೋ, ಗುಡ್ಡ ಹತ್ತಬೇಕೋ? ಈ ನಾಲ್ಕನ್ನೂ ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಬದಲಾಗುತ್ತದೆ, ಅದಕ್ಕೇ ಪೆನ್ಸಿಲ್. ರೀಚಾರ್ಜ್ ತಾರೀಖು ಕೇಳುವುದಕ್ಕೆ ಒಂದು ಕಾರಣವಿದೆ: ವ್ಯಾಲಿಡಿಟಿ ಮುಗಿದ ಸಿಮ್‌ಗೆ ಕೆಲವು ದಿನಗಳಲ್ಲಿ ಒಳಬರುವ ಕರೆಯೂ ನಿಂತುಹೋಗುತ್ತದೆ. ‘ಆ ಹುಡುಗ ಫೋನ್ ಎತ್ತುವುದೇ ಇಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇದ್ದದ್ದು ಇಷ್ಟೇ.

2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಎಂಬ ರಾಜ್ಯ ಸರ್ಕಾರದ ಕಲಿಕಾ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿನವರು, ಇಂಟರ್ನೆಟ್ ಇರುವವರು. ವಿಂಗಡಣೆ ಸರಿಯಾಗಿಯೇ ಇತ್ತು. ಕಷ್ಟವಾದದ್ದು ಮೂರು ಗುಂಪಿಗೆ ಮೂರು ಬೇರೆ ಪಾಠ ತಯಾರಿಸಲು ಹೊರಟಲ್ಲಿ. ಒಬ್ಬ ಶಿಕ್ಷಕರಿಗೆ ಅದು ಆಗುವ ಕೆಲಸವಲ್ಲ. ಪಾಠ ಒಂದೇ ಇರಲಿ, ಅದನ್ನು ಫೋನೇ ಇಲ್ಲದ ಮಗುವಿಗೆಂದು ತಯಾರಿಸಿ. ಉಳಿದವರಿಗೆ ಅದೇ ಪಾಠದ ಮೇಲೆ ಧ್ವನಿ, ಅದರ ಮೇಲೆ ಚಿತ್ರ, ಕೊನೆಗೆ ಬೇಕಿದ್ದರೆ ವಿಡಿಯೊ ಸೇರಿಸಿ. ವಿಡಿಯೊದಿಂದ ಶುರುಮಾಡಿ ಕೆಳಗಿಳಿಯುತ್ತ ಬಂದರೆ ಕೊನೆಯ ಗುಂಪಿಗೆ ಉಳಿಯುವುದು ‘ಪುಟ 43 ಓದಿಕೊಳ್ಳಿ’ ಎಂಬ ಮಾತು ಮಾತ್ರ.

ವಾರದ ಲೆಕ್ಕ ಹೀಗೆ ಹಾಕಿ. ಒಂದು ವಿಷಯಕ್ಕೆ ವಾರಕ್ಕೆ ಎರಡೂ ಬದಿ ಬರೆದ ಒಂದೇ ಹಾಳೆ. ಮುಂಬದಿಯಲ್ಲಿ ಪಠ್ಯಪುಸ್ತಕದ ಯಾವ ಪುಟ ಓದಬೇಕು, ಬಿಡಿಸಿ ತೋರಿಸಿದ ಎರಡು ಲೆಕ್ಕ, ಅರ್ಧ ಬಿಡಿಸಿ ಬಿಟ್ಟ ಎರಡು ಲೆಕ್ಕ. ಹಿಂಬದಿಯಲ್ಲಿ ಮಗುವೇ ಮಾಡಬೇಕಾದ ಆರು, ಕೊನೆಗೆ ‘ನನಗೆ ಅರ್ಥವಾಗದ್ದು’ ಎಂದು ಬರೆಯಲು ಎರಡು ಗೆರೆ. ಆ ಎರಡು ಗೆರೆಯೇ ಹಾಳೆಯ ಜೀವ. ಅಲ್ಲಿ ಬಂದದ್ದನ್ನು ನೋಡಿಯೇ ಮುಂದಿನ ವಾರದ ಹಾಳೆ ಬರೆಯಬೇಕು. ಹಂಚಲು ಹಾಲಿನ ಡೇರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ದಿನಕ್ಕೆರಡು ಹೊತ್ತು ಊರಿನ ಮನೆಮನೆಯವರು ಬರುತ್ತಾರೆ. ಡೇರಿ ಇಲ್ಲದ ಕಡೆ ನ್ಯಾಯಬೆಲೆ ಅಂಗಡಿ. ಬಿಸಿಯೂಟದ ಅಕ್ಕಿ, ಬೇಳೆ ಮನೆಗೆ ಕೊಡುತ್ತಿದ್ದಾಗ ಅದರ ಜೊತೆಗೇ ಹಾಳೆ ಕಳಿಸಿದ ಶಾಲೆಗಳಿಗೆ ಹಂಚಿಕೆಯ ತಲೆನೋವೇ ಇರಲಿಲ್ಲ.

ಕೀಪ್ಯಾಡ್ ಫೋನಿನ ಮಕ್ಕಳಿಗೆ ಕಾನ್ಫರೆನ್ಸ್ ಕಾಲ್ ಮಾಡಿ. ಒಬ್ಬರಿಗೆ ಕರೆಮಾಡಿ, ‘ಆ್ಯಡ್ ಕಾಲ್’ ಒತ್ತಿ ಇನ್ನೊಬ್ಬರಿಗೆ, ಆಮೇಲೆ ‘ಮರ್ಜ್’. ಸಾಮಾನ್ಯವಾಗಿ ನಿಮ್ಮನ್ನು ಬಿಟ್ಟು ಐದು ಜನರನ್ನು ಹೀಗೆ ಸೇರಿಸಬಹುದು. ಕರೆ ನೀವೇ ಮಾಡಿದರೆ ಅವರಿಗೆ ಖರ್ಚಿಲ್ಲ. ಹದಿನೈದು ನಿಮಿಷ ಸಾಕು, ಆದರೆ ಆ ಹೊತ್ತಿನಲ್ಲಿ ಪಾಠ ಹೇಳಬೇಡಿ. ಹಾಳೆಯ ಮೂರನೇ ಲೆಕ್ಕದ ಮುಂದಿನ ಹೆಜ್ಜೆ ಏನು ಎಂದು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೇಳಿ. ಐದು ಜನರಲ್ಲಿ ಒಬ್ಬನ ಮನೆಯಲ್ಲಿ ಟಿವಿ ಜೋರಾಗಿದ್ದರೆ ಉಳಿದವರಿಗೆ ಏನೂ ಕೇಳುವುದಿಲ್ಲ. ಅವನನ್ನು ಬಿಟ್ಟು ಆಮೇಲೆ ಪ್ರತ್ಯೇಕವಾಗಿ ಕರೆಮಾಡಿ.

ಗುಡ್ಡ ಹತ್ತಬೇಕಾದ ಮಕ್ಕಳಿಗೆ ನೇರ ತರಗತಿಯ ಹಟ ಬೇಡ. ಮಳೆಯಲ್ಲಿ ಕೊಡೆ ಹಿಡಿದು ಮುಕ್ಕಾಲು ಗಂಟೆ ನಿಲ್ಲುವ ಮಗು ಏನು ಕಲಿತೀತು? ಐದು ನಿಮಿಷ ಹೋಗಿ ಡೌನ್‌ಲೋಡ್ ಮಾಡಿಕೊಂಡು ಬಂದು ಮನೆಯಲ್ಲಿ ಕೂತು ಕೇಳುವಂಥದ್ದನ್ನೇ ಕಳಿಸಿ.

ಪ್ರಶ್ನೆ: ಮನೆಯಲ್ಲಿ ಎರಡು ಮಕ್ಕಳು, ಒಂದು ಫೋನ್, ದಿನಕ್ಕೆ 1.5 ಜಿಬಿ ಪ್ಯಾಕ್. ಆಗ ಮಧ್ಯಾಹ್ನವೇ ಡೇಟಾ ಖಾಲಿಯಾಗುತ್ತಿತ್ತು. ಯಾವುದಕ್ಕೆ ಎಷ್ಟು ಹೋಗುತ್ತದೆ? (ದಾವಣಗೆರೆಯ ಒಬ್ಬ ತಂದೆ)

ಉತ್ತರ: ಎಲ್ಲರ ಮುಖ ಕಾಣುವ ಗುಂಪು ವಿಡಿಯೊ ಗಂಟೆಗೆ ಅರ್ಧ ಜಿಬಿಯಿಂದ 1 ಜಿಬಿ ತಿನ್ನುತ್ತದೆ. ಕ್ಯಾಮೆರಾ ಎಲ್ಲರದೂ ಆಫ್ ಆಗಿ ಬರೀ ಧ್ವನಿ ಇದ್ದರೆ 30ರಿಂದ 40 ಎಂಬಿ. ಧ್ವನಿಯ ಜೊತೆ ಶಿಕ್ಷಕರು ನಿಂತ ಚಿತ್ರದಂಥ ಸ್ಲೈಡ್ ತೋರಿಸಿದರೆ 60ರಿಂದ 80 ಎಂಬಿ. ಒಂದು ಮಗುವಿಗೆ ಮುಕ್ಕಾಲು ಗಂಟೆಯ ನಾಲ್ಕು ತರಗತಿ ಎಂದರೆ 3 ಗಂಟೆ, ಇಬ್ಬರಿಗೆ 6 ಗಂಟೆ. ವಿಡಿಯೊದಲ್ಲಿ ಕನಿಷ್ಠ 3 ಜಿಬಿ ಬೇಕು, ಸ್ಲೈಡಿನಲ್ಲಿ ಅರ್ಧ ಜಿಬಿಯೊಳಗೆ ಮುಗಿಯುತ್ತದೆ. ಮಕ್ಕಳ ಕ್ಯಾಮೆರಾ ಆನ್ ಇರಲೇಬೇಕು ಎಂಬ ಶಾಲೆಗಳ ನಿಯಮ ಶಿಸ್ತಿಗಿಂತ ಹೆಚ್ಚಾಗಿ ಡೇಟಾ ಕಂಪನಿಗಳಿಗೇ ಅನುಕೂಲವಾಯಿತು.

ದಿನದ ಡೇಟಾ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಆ ವೇಗದಲ್ಲಿ 1 ಎಂಬಿ ಇಳಿಯಲು ಎರಡು ನಿಮಿಷದ ಮೇಲೆ ಸ್ವಲ್ಪ ಬೇಕು. ಅಂದರೆ ಐದು ನಿಮಿಷದ ವಾಯ್ಸ್ ಮೆಸೇಜ್ ಆಗಲೂ ಸಿಗುತ್ತದೆ.

ಇನ್ನೊಂದು ಸೋರಿಕೆ ವಾಟ್ಸ್‌ಆ್ಯಪ್ ಒಳಗಿದೆ. ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’ಗೆ ಹೋಗಿ, ಮೊಬೈಲ್ ಡೇಟಾದಲ್ಲಿ ತಾನಾಗಿ ಡೌನ್‌ಲೋಡ್ ಆಗುವ ಪಟ್ಟಿಯಿಂದ ವಿಡಿಯೊದ ಟಿಕ್ ತೆಗೆಯಿರಿ. ನೆಂಟರ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೊಗಳು ಮಕ್ಕಳ ಪಾಠದ ಪಾಲನ್ನು ತಿನ್ನುವುದು ನಿಲ್ಲುತ್ತದೆ.

ಪ್ರಶ್ನೆ: ಗಣಿತಕ್ಕೆ ಬೋರ್ಡೇ ಬೇಕು. ಗೋಡೆಗೆ ಬೋರ್ಡ್ ಹಾಕಿ ಫೋನಿನಲ್ಲಿ ತೋರಿಸಿದರೆ ಮಕ್ಕಳು ‘ಸರ್, ಕಾಣ್ತಿಲ್ಲ’ ಎನ್ನುತ್ತಿದ್ದರು. ದುಬಾರಿ ಸಾಮಾನಿಲ್ಲದೆ ಏನು ಮಾಡಬಹುದು? (ಹಾವೇರಿಯ ಶಿಕ್ಷಕರು)

ಉತ್ತರ: ಬೋರ್ಡ್ ಬಿಟ್ಟುಬಿಡಿ, ಕಾಗದಕ್ಕೆ ಬನ್ನಿ. ಬೋರ್ಡು ದೂರ, ಅದರ ಮೇಲೆ ಬೆಳಕಿನ ಹೊಳಪು, ಎದುರಿಗೆ ನಿಮ್ಮ ಬೆನ್ನು. ಐದು ಇಂಚಿನ ಪರದೆಯಲ್ಲಿ ಅದು ಕಾಣುವ ಮಾತೇ ಇಲ್ಲ.

ಲಾಕ್‌ಡೌನಿನಲ್ಲಿ ಅನೇಕ ಶಿಕ್ಷಕರು ಕಂಡುಕೊಂಡ ಉಪಾಯ ಫ್ರಿಜ್ಜಿನ ಗಾಜಿನ ತಟ್ಟೆ. ಒಂದಡಿ ಎತ್ತರದ ಎರಡು ಸ್ಟೀಲ್ ಡಬ್ಬ ಅಥವಾ ಪುಸ್ತಕದ ಎರಡು ಗುಡ್ಡೆ ಮಾಡಿ, ಅವುಗಳ ಮೇಲೆ ತಟ್ಟೆಯನ್ನು ಸೇತುವೆಯಂತೆ ಇಟ್ಟು, ಮೇಲೆ ಫೋನ್ ಮಲಗಿಸಿ. ಹಿಂಬದಿಯ ಕ್ಯಾಮೆರಾ ಗಾಜಿನ ಮೂಲಕ ಕೆಳಗಿನ ಹಾಳೆ ನೋಡುತ್ತದೆ. ಗಾಜಿನಲ್ಲಿ ಹೂವಿನ ಚಿತ್ತಾರ ಇರಬಾರದು. ಫ್ರಿಜ್ ಇಲ್ಲದಿದ್ದರೆ ಎರಡು ಉದ್ದನೆಯ ಮರದ ಪಟ್ಟಿಗಳ ನಡುವೆ ಕ್ಯಾಮೆರಾದಷ್ಟು ಸಂದು ಬಿಟ್ಟು ಅದರ ಮೇಲೆ ಫೋನ್ ಇಡಿ, ಪಟ್ಟಿಗಳ ತುದಿಗೆ ಒಂದೊಂದು ಬೇಳೆ ಪೊಟ್ಟಣದ ಭಾರ ಹೇರಿ. ಕ್ಯಾಮೆರಾದಿಂದ ಹಾಳೆಗೆ 30 ಸೆಂ.ಮೀ. ಇದ್ದರೆ ಅಡ್ಡ ಇಟ್ಟ ಎ4 ಹಾಳೆ ಪೂರ್ತಿ ಹಿಡಿಯುತ್ತದೆ. 20 ಸೆಂ.ಮೀ.ಗೆ ಇಳಿಸಿದರೆ ಅಂಚು ಕತ್ತರಿಸಿಹೋಗುತ್ತದೆ, 45ಕ್ಕೆ ಏರಿಸಿದರೆ ಹಾಳೆಗಿಂತ ಮೇಜೇ ಹೆಚ್ಚು ಕಾಣುತ್ತದೆ.

ಈಗ ಅಕ್ಷರದ ಗಾತ್ರ. ಎ4 ಹಾಳೆಯ 30 ಸೆಂ.ಮೀ. ಅಗಲ ಮಗುವಿನ ಫೋನಿನಲ್ಲಿ ಸುಮಾರು 11 ಸೆಂ.ಮೀ.ಗೆ ಕುಗ್ಗುತ್ತದೆ. ನೋಟ್‌ಬುಕ್ಕಿನಲ್ಲಿ ಬರೆಯುವ 4 ಮಿ.ಮೀ. ಅಕ್ಷರ ಅಲ್ಲಿ ಒಂದೂವರೆ ಮಿ.ಮೀ. ಆಗುತ್ತದೆ, ಯಾರ ಕಣ್ಣಿಗೂ ನಿಲುಕದು. ಒಂದೂವರೆ ಸೆಂ.ಮೀ. ಎತ್ತರಕ್ಕೆ ಬರೆದರೆ ಪರದೆಯಲ್ಲಿ ಐದು ಮಿ.ಮೀ. ಮೇಲೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಆದರೆ ಹಾಳೆಗೆ ಎಂಟು ಸಾಲು ಹಿಡಿಸೀತು. ಕನ್ನಡದಲ್ಲಿ ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ, ಹಾಗಾಗಿ ಆರೇ ಸಾಲು. ಕಪ್ಪು ಅಥವಾ ನೀಲಿ ಸ್ಕೆಚ್ ಪೆನ್ ಬಳಸಿ. ಹಳದಿ, ತಿಳಿಹಸಿರು ಮಾಯವಾಗುತ್ತವೆ. ಕೆಂಪನ್ನು ತಪ್ಪಿಗೆ ಸುತ್ತು ಹಾಕಲು ಮಾತ್ರ ಇಟ್ಟುಕೊಳ್ಳಿ.

ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯ ಕಿಟಕಿಯಿಂದ ಬರಬೇಕು. ತಲೆಯ ಮೇಲಿನ ಟ್ಯೂಬ್‌ಲೈಟ್ ಒಂದೇ ಇದ್ದರೆ ಫೋನಿನ ನೆರಳೇ ಹಾಳೆಯ ಮೇಲೆ ಬೀಳುತ್ತದೆ, ಗಾಜಿನಲ್ಲಿ ಟ್ಯೂಬೂ ಪ್ರತಿಫಲಿಸುತ್ತದೆ. ರೆಕಾರ್ಡ್ ಮಾಡುವಾಗ ಎರಡು ಎಡವಟ್ಟು ಪದೇ ಪದೇ ಆಗುತ್ತವೆ. ಮಲಗಿಸಿದ ಫೋನಿಗೆ ತಾನು ಅಡ್ಡವೋ ಉದ್ದವೋ ತಿಳಿಯುವುದಿಲ್ಲ, ವಿಡಿಯೊ ತಿರುಗಿ ಬರುತ್ತದೆ. ಮೊದಲು ಕೈಯಲ್ಲಿ ಅಡ್ಡ ಹಿಡಿದು, ಪರದೆ ತಿರುಗಿದ ಮೇಲೆ ಮಲಗಿಸಿ, ಆಮೇಲೆ ರೆಕಾರ್ಡ್ ಒತ್ತಿ. ಎರಡನೆಯದು, ಕೈ ಒಳಗೆ ಬಂದಾಗಲೆಲ್ಲ ಚಿತ್ರ ಮಸುಕಾಗುವುದು. ಹಾಳೆಯ ಮೇಲೆ ಒಂದು ಅಕ್ಷರ ಬರೆದು, ಕ್ಯಾಮೆರಾ ಪರದೆಯಲ್ಲಿ ಆ ಅಕ್ಷರದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಅಲ್ಲೇ ಬೀಗ ಹಾಕಿಕೊಳ್ಳುತ್ತದೆ.

ಪ್ರಶ್ನೆ: ವಾಯ್ಸ್ ಮೆಸೇಜ್ ಕಳಿಸಿದರೆ ಮಕ್ಕಳು ಪೂರ್ತಿ ಕೇಳುವುದಿಲ್ಲ. ನೀಲಿ ಟಿಕ್ ಬಂದಿರುತ್ತದೆ, ಪಾಠ ತಲೆಗೆ ಹೋಗಿರುವುದಿಲ್ಲ.

ಉತ್ತರ: ಎಷ್ಟು ಉದ್ದ ಕಳಿಸುತ್ತೀರಿ? ಐದು ನಿಮಿಷ ಮೀರಿದರೆ ಕೇಳುವುದಿಲ್ಲ, ದೊಡ್ಡವರೂ ಕೇಳುವುದಿಲ್ಲ. ಒಂದು ಮೆಸೇಜಿಗೆ ಒಂದೇ ವಿಷಯ. ‘ಹಾಳೆ ತೆಗೆಯಿರಿ, ಎರಡನೇ ಲೆಕ್ಕದ ಮೇಲೆ ಬೆರಳಿಡಿ’ ಎಂದು ಶುರುಮಾಡಿ. ಮೂರನೇ ನಿಮಿಷದ ಹೊತ್ತಿಗೆ ‘ಈಗ ನಿಲ್ಲಿಸಿ, ಉತ್ತರ ಬರೆದು ಮತ್ತೆ ಒತ್ತಿ’ ಎನ್ನಿ. ಎಲ್ಲಾದರೊಂದು ಕಡೆ ಒಂದು ಸಣ್ಣ ಕೆಲಸ ಅಡಗಿಸಿಡಿ: ‘ಹಾಳೆಯ ಮೂಲೆಯಲ್ಲಿ ನಿಮ್ಮ ಮನೆಯ ಹತ್ತಿರದ ಮರದ ಹೆಸರು ಬರೆಯಿರಿ.’ ಹಾಳೆ ವಾಪಸ್ ಬಂದಾಗ ಮೂಲೆ ಖಾಲಿ ಇದ್ದರೆ ಆ ಮಗು ಕೇಳಿಲ್ಲ. ನೀಲಿ ಟಿಕ್ಕಿಗಿಂತ ಹಲಸಿನ ಮರವನ್ನು ನಂಬಬಹುದು.

ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ‘ದಬ್’ ಎನ್ನುತ್ತದೆ. ಶೀಟಿನ ಮನೆಯಲ್ಲಿ ಮಳೆ ಬರುತ್ತಿದ್ದರೆ ಸುಮ್ಮನೆ ಕಾಯಿರಿ.

ಪ್ರಶ್ನೆ: ಮೊಮ್ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಲಾಕ್‌ಡೌನ್ ಆಯಿತು. ನಲಿ-ಕಲಿ ಮಕ್ಕಳಿಗೆ ಫೋನಿನಲ್ಲಿ ಪಾಠ ಮಾಡುವುದರಲ್ಲಿ ಅರ್ಥವಿದೆಯೇ? ಸರ್ಕಾರವೇ ಒಮ್ಮೆ ಬೇಡ ಅಂದಿತ್ತಲ್ಲ? (ಮಂಡ್ಯದ ಒಬ್ಬ ಅಜ್ಜಿ)

ಉತ್ತರ: ಹೌದು ಅಮ್ಮ, 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಪೋಷಕರು ಹೈಕೋರ್ಟಿಗೆ ಹೋದರು, ಜುಲೈ 8ರಂದು ಆ ಆದೇಶಕ್ಕೆ ತಡೆ ಬಿತ್ತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂತು: ಶಿಶುವಿಹಾರದವರಿಗೆ ದಿನಕ್ಕೆ 30 ನಿಮಿಷ ಮೀರಬಾರದು, 1ರಿಂದ 8ರವರೆಗೆ 30ರಿಂದ 45 ನಿಮಿಷದ ಎರಡು ಅವಧಿ, 9ರಿಂದ 12ಕ್ಕೆ ನಾಲ್ಕು.

ನಮ್ಮ ಅಭಿಪ್ರಾಯ ಕೇಳಿದರೆ, ಮೂರನೇ ತರಗತಿಯೊಳಗಿನ ಮಕ್ಕಳಿಗೆ ಪರದೆಯ ಮುಂದೆ ಆ ಎರಡು ಅವಧಿಯೂ ಹೆಚ್ಚೇ. ನಲಿ-ಕಲಿ ನಡೆಯುವುದು ಕಾರ್ಡು ಮುಟ್ಟಿ, ಗುಂಪಿನಲ್ಲಿ ಕೂತು, ಪಕ್ಕದವನನ್ನು ನೋಡಿ. ಫೋನಿನಲ್ಲಿ ಅದಾವುದೂ ಇಲ್ಲ. ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಹೇಳುವುದಕ್ಕೂ ಆಗುವುದಿಲ್ಲ. ಒಬ್ಬೊಬ್ಬರ ದನಿ ಒಂದೊಂದು ಕ್ಷಣ ತಡವಾಗಿ ಬಂದು ‘ಎರಡೊಂದ್ಲೆ ಎರಡು’ ಸಂತೆ ಗದ್ದಲವಾಗುತ್ತದೆ. ಈ ವಯಸ್ಸಿನಲ್ಲಿ ಶಿಕ್ಷಕರ ಫೋನ್ ಮಗುವಿಗಲ್ಲ, ಮನೆಯ ದೊಡ್ಡವರಿಗೆ ಬರಬೇಕು. ವಾರಕ್ಕೆರಡು ಸಲ ಹತ್ತು ನಿಮಿಷ, ಈ ಮೂರು ದಿನ ಮನೆಯಲ್ಲಿ ಏನು ಮಾಡಿಸಬೇಕೆಂದು ಹೇಳಲು.

ಮಾಡಿಸುವುದಕ್ಕೆ ನಿಮ್ಮ ಮನೆಯಲ್ಲೇ ಬೇಕಾದಷ್ಟಿದೆ. 100 ಹುಣಸೆ ಬೀಜ ಎಣಿಸಿ ಹತ್ತರ ಗುಡ್ಡೆ ಮಾಡಿಸಿ. 47 ತಂದುಕೊಡು ಎಂದರೆ ನಾಲ್ಕು ಗುಡ್ಡೆ ಮತ್ತು ಏಳು ಬಿಡಿ ಬೀಜ ತರಬೇಕು. ಒಂದೊಂದಾಗಿ 47 ಎಣಿಸಿ ತಂದರೆ ಹತ್ತರ ಸ್ಥಾನ ಇನ್ನೂ ಕೂತಿಲ್ಲ ಎಂದರ್ಥ. ಚೌಕಾಬಾರ ಆಡಿಸುವಾಗ ‘ಇನ್ನೆಷ್ಟು ಬಿದ್ದರೆ ಕಟ್ಟೆ ಸೇರುತ್ತೆ’ ಎಂದು ಕೇಳಿ. ಅಳಗುಳಿ ಮಣೆ ಇದ್ದರಂತೂ ಸಮನಾಗಿ ಹಂಚುವ ಲೆಕ್ಕ ತಾನಾಗಿ ಬರುತ್ತದೆ. ಓದಿಗೆ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ, ಸೋಪಿನ ಕಾಗದವಾದರೂ ಆದೀತು, ಬಸ್ಸಿನ ಬೋರ್ಡಾದರೂ ಆದೀತು.

ಇದನ್ನು ಹಗುರವಾಗಿ ಎಣಿಸಬೇಡಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕವೂ ಸೇರಿ 5 ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿತ್ತು. 2ರಿಂದ 6ನೇ ತರಗತಿಯ ಆ ಮಕ್ಕಳಲ್ಲಿ 92% ಮಂದಿ ಭಾಷೆಯಲ್ಲಿ, 82% ಮಂದಿ ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಹೊಸದು ಕಲಿಯದಿದ್ದದ್ದು ಈ ಲೆಕ್ಕದಲ್ಲಿಲ್ಲ, ಇದು ಬರುತ್ತಿದ್ದದ್ದು ಮರೆತದ್ದರ ಲೆಕ್ಕ.

ಪ್ರಶ್ನೆ: ವಿಜ್ಞಾನದ ಪ್ರಯೋಗ ದೂರದಿಂದ ಮಾಡಿಸಬಹುದೇ? ವಿಡಿಯೊ ತೋರಿಸಿದರೆ ಸಾಕೇ? (ಪಿಯು ಉಪನ್ಯಾಸಕರು, ವಿಜಯಪುರ)

ಉತ್ತರ: ವಿಡಿಯೊದಲ್ಲಿ ಪ್ರಯೋಗ ಯಾವಾಗಲೂ ಸರಿಯಾಗಿಯೇ ಬರುತ್ತದೆ, ಅದೇ ತೊಂದರೆ. ಮಗು ತಪ್ಪು ಮಾಡಿ ‘ಯಾಕೆ ಹೀಗಾಯಿತು’ ಎಂದು ಕೇಳುವ ಜಾಗವೇ ಇಲ್ಲ. ಎಲ್ಲವನ್ನೂ ಮನೆಯಲ್ಲಿ ಮಾಡಿಸಲಾಗದು, ಆದರೆ ಲೋಲಕ ಆಗುತ್ತದೆ. ಹತ್ತಿಯ ದಾರ, ಒಂದು ದುಂಡು ಕಲ್ಲು, ಬಾಗಿಲ ಚಿಲಕ, ಫೋನಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಚಿಲಕದಿಂದ ಕಲ್ಲಿನ ನಡುಮಧ್ಯಕ್ಕೆ ಸರಿಯಾಗಿ 1 ಮೀಟರ್ ಇರಲಿ. ಒಂದು ಗೇಣಿಗಿಂತ ಕಡಿಮೆ ಎಳೆದು ಬಿಡಿ. 20 ಆಂದೋಲನಕ್ಕೆ ಸುಮಾರು 40 ಸೆಕೆಂಡ್ ಬರಬೇಕು. ಉದ್ದವನ್ನು 39.5ರಿಂದ ಗುಣಿಸಿ ಆವರ್ತಕಾಲದ (ಒಂದು ಆಂದೋಲನಕ್ಕೆ ಹಿಡಿದ ಸೆಕೆಂಡ್) ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ 9.8ರ ಆಸುಪಾಸು ಸಿಗುತ್ತದೆ.

ಸವಿ ಇರುವುದು ತಪ್ಪು ಉತ್ತರಗಳಲ್ಲಿ. ಯಾರಿಗಾದರೂ 10.9 ಬಂದರೆ ಅವರು ಕಲ್ಲು ಬಿಟ್ಟ ಕ್ಷಣವನ್ನು ‘ಸೊನ್ನೆ’ ಎನ್ನದೆ ‘ಒಂದು’ ಎಂದು ಎಣಿಸಿದ್ದಾರೆ. 19 ಆಂದೋಲನದ ಕಾಲವನ್ನು 20ರಿಂದ ಭಾಗಿಸಿದ್ದಾರೆ. 9.8ಕ್ಕಿಂತ ತುಸು ಕಡಿಮೆ ಬಂದರೆ ಉದ್ದವನ್ನು ಗಂಟಿನವರೆಗೆ ಮಾತ್ರ ಅಳೆದು ಕಲ್ಲಿನ ಅರ್ಧವನ್ನು ಬಿಟ್ಟಿರುವ ಸಾಧ್ಯತೆ ಹೆಚ್ಚು. ಫೋನಿನಲ್ಲಿ ಉತ್ತರ ಕೇಳಿಯೇ ಎಲ್ಲಿ ತಪ್ಪಿದೆ ಎಂದು ಹೇಳಿದರೆ ಮಕ್ಕಳು ಬೆರಗಾಗುತ್ತಾರೆ.

ಆಮ್ಲ-ಪ್ರತ್ಯಾಮ್ಲಕ್ಕೆ ಅರಿಶಿನ ಮತ್ತು ಕೆಂಪು ದಾಸವಾಳ. ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರು ಹುಳಿಯಲ್ಲಿ ಗಾಢ ಗುಲಾಬಿ, ಅಡುಗೆ ಸೋಡಾದಲ್ಲಿ ಹಸಿರು. ಸುಣ್ಣದ ತಿಳಿ ಮಾತ್ರ ದೊಡ್ಡವರ ಕೈಯಲ್ಲಿರಲಿ, ಕಣ್ಣಿಗೆ ಬಿದ್ದರೆ ಅಪಾಯ. ವಿದ್ಯುತ್ ಮಂಡಲದಂಥವಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಸಿಮ್ಯುಲೇಶನ್‌ಗಳು ಉಚಿತವಾಗಿವೆ. ಒಮ್ಮೆ ಡೌನ್‌ಲೋಡ್ ಮಾಡಿದರೆ ಇಂಟರ್ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತವೆ. ತಂತಿ ಸಡಿಲವಾಗಿ ಬಲ್ಬ್ ಉರಿಯದಿರುವ ಅನುಭವ ಅಲ್ಲಿ ಸಿಗದು, ಅದಕ್ಕೆ ಶಾಲೆ ತೆರೆಯುವವರೆಗೆ ಕಾಯಲೇಬೇಕು.

ಪ್ರಶ್ನೆ: ಮನೆಯಿಂದ ಬರೆದ ಪರೀಕ್ಷೆಯಲ್ಲಿ ಎಲ್ಲರಿಗೂ 25ಕ್ಕೆ 24. ನಕಲು ತಡೆಯುವುದು ಹೇಗೆ?

ಉತ್ತರ: ಕಾವಲಿನಿಂದ ಆಗುವುದಿಲ್ಲ, ಪ್ರಶ್ನೆಯಿಂದ ಆಗುತ್ತದೆ. ಹಾಜರಿ ಸಂಖ್ಯೆಯನ್ನೇ ಲೆಕ್ಕದೊಳಗೆ ಸೇರಿಸಿ: ‘ಹೊಲದ ಉದ್ದ 40ಕ್ಕೆ ನಿಮ್ಮ ಹಾಜರಿ ಸಂಖ್ಯೆ ಕೂಡಿದಷ್ಟು ಮೀಟರ್, ಅಗಲ 25 ಮೀಟರ್. ವಿಸ್ತೀರ್ಣ ಎಷ್ಟು?’ 42 ಮಕ್ಕಳಿಗೆ 42 ಉತ್ತರ. ನಿಮಗೆ ತಿದ್ದುವುದು ಸುಲಭ, 1,000ಕ್ಕೆ ಹಾಜರಿ ಸಂಖ್ಯೆಯ 25 ಪಟ್ಟು ಕೂಡಿದರಾಯಿತು. 7ನೇ ನಂಬರಿನವಳು 1,175 ಬರೆಯಬೇಕು. ಅವಳ ಹಾಳೆಯಲ್ಲಿ 1,225 ಇದ್ದರೆ 9ನೇ ನಂಬರಿನವರ ಹಾಳೆ ಎಲ್ಲಿಗೆ ಹೋಗಿತ್ತೆಂದು ಕೇಳುವುದೇ ಬೇಡ. ಲೋಲಕದ ದಾರದ ಉದ್ದಕ್ಕೂ ಇದೇ ಉಪಾಯ ನಡೆಯುತ್ತದೆ.

ಜೊತೆಗೆ ಬಾಯಿಮಾತಿನ ಪರೀಕ್ಷೆ ಇಡಿ. ಒಬ್ಬರಿಗೆ 3 ನಿಮಿಷದಂತೆ 42 ಜನಕ್ಕೆ ಎರಡು ಗಂಟೆ ಚಿಲ್ಲರೆ. ಐದು ದಿನಕ್ಕೆ ಹಂಚಿಕೊಂಡರೆ ದಿನಕ್ಕೆ 25 ನಿಮಿಷ. ‘ನೀನು ಬರೆದ ನಾಲ್ಕನೇ ಉತ್ತರದಲ್ಲಿ ಈ ಹೆಜ್ಜೆ ಯಾಕೆ ಹಾಕಿದೆ’ ಎಂಬ ಒಂದೇ ಪ್ರಶ್ನೆ ಸಾಕು.

2021ರ ಎಸ್‌ಎಸ್‌ಎಲ್‌ಸಿ ನೆನಪಿರಬಹುದು. ಜುಲೈ 19 ಮತ್ತು 22, ಎರಡೇ ದಿನ, ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ. ಸೋಂಕಿನ ಹೊತ್ತಿನಲ್ಲಿ ಮಕ್ಕಳನ್ನು ಕಡಿಮೆ ದಿನ ಹೊರಗೆ ತರಲು ಅದು ಸರಿಯಾದ ದಾರಿಯೇ. ಆದರೆ ಮಗುವಿಗೆ ಏನು ಬರುತ್ತದೆ ಎಂದು ತಿಳಿಯಲು ಶಾಲೆಗಳು ಇಡೀ ವರ್ಷ ಅದೇ ಮಾದರಿಯನ್ನು ಹಿಡಿಯಬೇಕಿರಲಿಲ್ಲ.

ಪ್ರಶ್ನೆ: ಕ್ಲಾಸ್ ಗ್ರೂಪಿಗೆ ಮಗಳ ನಂಬರ್ ಸೇರಿಸಿದ ಮೇಲೆ ಗುರುತಿಲ್ಲದವರಿಂದ ಮೆಸೇಜ್ ಬರುತ್ತಿತ್ತು. ಶಾಲೆಯವರಿಗೆ ಹೇಳಿದರೆ ‘ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದ್ದೇವೆ’ ಎಂದರು. (ಒಬ್ಬ ತಾಯಿ)

ಉತ್ತರ: ಅದರಿಂದ ಗ್ರೂಪಿನ ಗದ್ದಲ ನಿಲ್ಲುತ್ತದೆ ಅಷ್ಟೇ, ನಂಬರ್ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಎರಡು ದಾರಿಯಿದೆ. ಒಂದು, ಬ್ರಾಡ್‌ಕಾಸ್ಟ್ ಲಿಸ್ಟ್. ಶಿಕ್ಷಕರು ಒಮ್ಮೆ ಕಳಿಸಿದರೆ ಪ್ರತಿಯೊಬ್ಬರಿಗೂ ಖಾಸಗಿ ಮೆಸೇಜಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಗೊತ್ತಾಗದು. ಆದರೆ ಶಿಕ್ಷಕರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ನಮಗೆ ಬಂದೇ ಇಲ್ಲ’ ಎನ್ನುವವರಲ್ಲಿ ಮೊದಲು ಅದನ್ನೇ ವಿಚಾರಿಸಬೇಕು. ಎರಡು, ಈಗ ಬಂದಿರುವ ‘ಕಮ್ಯುನಿಟಿ’ಯ ಪ್ರಕಟಣೆ ಗ್ರೂಪು, ಅಲ್ಲಿ ಸದಸ್ಯರ ನಂಬರ್ ಪರಸ್ಪರ ಕಾಣುವುದಿಲ್ಲ. ನಿಮ್ಮ ಕಡೆಯಿಂದ ಮಾಡಬೇಕಾದ್ದು: ಗ್ರೂಪಿಗೆ ನಿಮ್ಮ ನಂಬರನ್ನೇ ಕೊಡಿ, ಪ್ರೊಫೈಲ್ ಫೋಟೊ ಪರಿಚಿತರಿಗೆ ಮಾತ್ರ ಕಾಣುವಂತೆ ಇಡಿ. ಯಾರಾದರೂ ಕಾಟ ಕೊಟ್ಟರೆ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳಿಗೆ ಮೈಸೂರಿನಿಂದ ಕನ್ನಡ ಕಲಿಸುತ್ತೇನೆ. ಕೊರೊನಾದಲ್ಲಿ ಶುರುವಾದದ್ದು ಈಗಲೂ ನಡೆದಿದೆ. ಲ, ಳ ವ್ಯತ್ಯಾಸ ಮಕ್ಕಳಿಗೆ ಕೇಳಿಸುವುದೇ ಇಲ್ಲ.

ಉತ್ತರ: ತಪ್ಪು ಪೂರ್ತಿ ಮಕ್ಕಳದಲ್ಲ. ಗದ್ದಲ ತಗ್ಗಿಸುವ ಸಾಫ್ಟ್‌ವೇರು ಸಣ್ಣ ಉಸಿರನ್ನು ಗದ್ದಲವೆಂದೇ ತಿಳಿದು ಕತ್ತರಿಸುತ್ತದೆ. ಕ-ಖ, ದ-ಧ ಒಂದೇ ಆಗುವುದು ಅಲ್ಲಿಯೇ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ. ಲ-ಳಗಳಿಗೆ ಬಾಯಿ ಕಾಣಬೇಕು: ಮುಖಕ್ಕೆ ಎದುರಿನಿಂದ ಬೆಳಕು, ಕ್ಯಾಮೆರಾ ಹತ್ತಿರ, ನಾಲಿಗೆ ಹಿಂದಕ್ಕೆ ಮಡಚುವುದನ್ನು ಬಾಯಿ ತೆರೆದು ತೋರಿಸಿ. ಹುಲಿ-ಹುಳಿ, ಬೆಲೆ-ಬೆಳೆ, ಕೊಲೆ-ಕೊಳೆ ಎಂಬ ಜೋಡಿಗಳಲ್ಲಿ ಯಾವುದು ಹೇಳಿದೆನೆಂದು ಬೆರಳೆತ್ತಿ ತೋರಿಸಲಿ. ಕೇಳಿ ಗುರುತಿಸುವುದು ಬಂದ ಮೇಲೆ ಹೇಳಿಸಿ.

ವೇಳೆಯ ಬಗ್ಗೆಯೂ ಒಂದು ಮಾತು. ಅಲ್ಲಿನ ಶನಿವಾರ ಸಂಜೆ 6 ಎಂದರೆ ಬೇಸಿಗೆಯಲ್ಲಿ ನಿಮಗೆ ಭಾನುವಾರ ಬೆಳಿಗ್ಗೆ 6.30, ಚಳಿಗಾಲದಲ್ಲಿ 7.30. ಅವರ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಬದಲಾಗುತ್ತದೆ. ಆ ಎರಡು ವಾರಗಳಿಗೆ ಮುಂಚೆಯೇ ಪೋಷಕರಿಗೆ ಮೆಸೇಜ್ ಹಾಕಿಬಿಡಿ.

ಪ್ರಶ್ನೆ: ಇಷ್ಟೆಲ್ಲ ಕಷ್ಟದ ನಡುವೆ ಲಾಭವೇನಾದರೂ ಇತ್ತೇ? (ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ)

ಉತ್ತರ: ಇತ್ತು ಸರ್. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಖಾಸಗಿ ಮೆಸೇಜಿನಲ್ಲಿ ಪ್ರಶ್ನೆ ಕೇಳಿದರು. ಮೂವತ್ತು ಜನರೆದುರು ನಗೆಪಾಟಲಾಗುವ ಹೆದರಿಕೆ ಅಲ್ಲಿರಲಿಲ್ಲ. ನಿಧಾನವಾಗಿ ಕಲಿಯುವವರು ಒಂದೇ ಧ್ವನಿಯನ್ನು ನಾಲ್ಕು ಸಲ ಕೇಳಿದರು, ಅದನ್ನು ಕ್ಲಾಸಿನಲ್ಲಿ ಯಾವ ಮೇಷ್ಟ್ರೂ ನಾಲ್ಕು ಸಲ ಹೇಳುವುದಿಲ್ಲ. 2020-21ರಲ್ಲಿ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳನ್ನು ನೋಡಿ ಶಿಕ್ಷಕರೂ ಬೇರೆ ಶಿಕ್ಷಕರ ಪಾಠದ ಕ್ರಮ ಕಂಡರು. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡುವುದು ನಮ್ಮಲ್ಲಿ ಅಪರೂಪವಲ್ಲವೇ? ಟಿವಿಗೆ ಡೇಟಾ ಬೇಕಿಲ್ಲ ಎಂಬುದು ಅದರ ದೊಡ್ಡ ಗುಣ. ಕರೆಂಟು ಹೋದರೆ ಪಾಠವೂ ಹೋಯಿತು ಎಂಬುದು ದೋಷ.

ಪ್ರಶ್ನೆ: ಶಾಲೆ ಮತ್ತೆ ತೆರೆದ ದಿನ ಮೊದಲು ಮಾಡಬೇಕಾದ್ದೇನು?

ಉತ್ತರ: ಪಾಠ ಮುಂದುವರಿಸಬೇಡಿ. ಸರ್ಕಾರದ 2022-23ರ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಹುಟ್ಟಿದ್ದೇ ಬಿಟ್ಟುಹೋದದ್ದನ್ನು ಹಿಂದಿನ ತರಗತಿಗಳಿಂದ ಹಿಡಿದು ಕಲಿಸಲೆಂದು. ನಿಮ್ಮ ಮಟ್ಟದಲ್ಲಿ ಇದನ್ನು ಮೊದಲ ವಾರವೇ ಮಾಡಬಹುದು. ಒಬ್ಬೊಬ್ಬರನ್ನೇ ಕರೆದು ನಾಲ್ಕು ನಿಮಿಷ ಕೊಡಿ. ಎರಡು ತರಗತಿ ಕೆಳಗಿನ ಪಠ್ಯದಿಂದ ಒಂದು ಪರಿಚ್ಛೇದ ಓದಿಸಿ, ಏನು ಓದಿದೆ ಎಂದು ಕೇಳಿ. ಆಮೇಲೆ ಕಾಗದದ ಮೇಲೆ 503ರಿಂದ 278 ಕಳೆಯಲು ಹೇಳಿ. 225 ಬಂದರೆ ಸರಿ. 375 ಬಂದರೆ ದಶಕ ತೆಗೆದುಕೊಳ್ಳುವುದು ಮರೆತು, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ. 781 ಬಂದರೆ ಕಳೆಯುವ ಚಿಹ್ನೆಯನ್ನೇ ನೋಡದೆ ಕೂಡಿದ್ದಾರೆ. ಯಾರಿಗೆ ಏನು ಬಂತೆಂದು ಅದೇ ಹಾಜರಿ ಪುಸ್ತಕದಲ್ಲಿ, ಮೊದಲು ಫೋನಿನ ವಿವರ ಬರೆದಿದ್ದ ಜಾಗದ ಪಕ್ಕದಲ್ಲಿ, ಪೆನ್ಸಿಲಿನಲ್ಲೇ ಬರೆದುಕೊಳ್ಳಿ.